ಬಿಳಿ ಟೆಂಟಿನ ಬೇಕಿಂಗ್ ಸ್ಪರ್ಧೆ ಯಾಕಿಷ್ಟು ಹಿತ?

ಪ್ರಶ್ನೆ: 2010ರಲ್ಲಿ ಬಿಬಿಸಿಯಲ್ಲಿ ಶುರುವಾದ ‘ಗ್ರೇಟ್ ಬ್ರಿಟಿಷ್ ಬೇಕ್ ಆಫ್’ನಲ್ಲಿ ನಗದು ಬಹುಮಾನವೇ ಇಲ್ಲ, ಗೆದ್ದವರಿಗೆ ಕೇಕ್ ಸ್ಟ್ಯಾಂಡ್ ಅಷ್ಟೇ. ಆದ್ರೂ ಜನ ಕಣ್ಣು ಕೀಳದೆ ನೋಡ್ತಾರಲ್ಲ, ಯಾಕೆ?

ಉತ್ತರ 1: ಟೆಕ್ನಿಕಲ್ ಸುತ್ತು ನೋಡಿ. ಎಲ್ಲರಿಗೂ ಒಂದೇ ಸಾಮಗ್ರಿ, ಅರೆಬರೆ ರೆಸಿಪಿ. ಕೆಲವೊಮ್ಮೆ ‘ಬೇಯಿಸಿ’ ಅಂತ ಮಾತ್ರ, ಎಷ್ಟು ಹೊತ್ತು ಅಂತಿಲ್ಲ. ಯಾರದ್ದು ಯಾವುದು ಅಂತ ತೀರ್ಪುಗಾರರಿಗೂ ಗೊತ್ತಿರಲ್ಲ. ಓವನ್ ಮುಂದೆ ನೆಲದ ಮೇಲೆ ಕೂತು ಗಾಜಿನೊಳಗೆ ಇಣುಕೋ ಆ ಮುಖಗಳೇ ಸಾಕು!

ಉತ್ತರ 2: ಅಲ್ಲಿ ವಿಲನ್ ಮನುಷ್ಯರಲ್ಲ, ಬೆಣ್ಣೆ-ಹಿಟ್ಟು. ಸ್ಪಂಜ್ ಕೇಕ್ ಆರುವ ಮೊದಲೇ ಬಟರ್‌ಕ್ರೀಮ್ (ಬೆಣ್ಣೆ-ಸಕ್ಕರೆಯ ಕ್ರೀಮ್) ಬಳಿದ್ರೆ ಕರಗಿ ಜಾರುತ್ತೆ, ಬೇಸಿಗೆಯ ಟೆಂಟಿನಲ್ಲಂತೂ ಇನ್ನೂ ಬೇಗ. ಟಾರ್ಟ್ (ಹೂರಣ ತುಂಬುವ ಹಿಟ್ಟಿನ ತಟ್ಟೆ) ತಳ ಹಸಿಯಾಗದಿರಲು, ಹೂರಣಕ್ಕೂ ಮೊದಲೇ ಕಾಗದ ಹಾಸಿ, ಭಾರಕ್ಕೆ ಒಣಕಾಳು ತುಂಬಿ 15 ನಿಮಿಷ ಬೇಯಿಸಿ. ಕಾಳು ತೆಗೆದು ಮತ್ತೆ 5-10 ನಿಮಿಷ.

ಉತ್ತರ 3: ತಮ್ಮ ಕೆಲಸ ಮುಗಿಸಿದವರು ಪಕ್ಕದವರಿಗೆ ಕೈಜೋಡಿಸ್ತಾರಲ್ಲ, ನನ್ನ ಓಟು ಅದಕ್ಕೆ.