ಹಳೇ ಆಂಗ್ಯುಲರ್‌ಜೆಎಸ್ ಆಪ್ ಒಳಗೆ ಹೊಸ ಆಂಗ್ಯುಲರ್ ಕೂರಿಸೋದು ಹೇಗೆ?

ಪ್ರಶ್ನೆ: ನಮಸ್ತೆ ಸರ್. ನಮ್ಮದು ಗೋಡೌನ್ ಸ್ಟಾಕ್ ನೋಡ್ಕೊಳೋ ಆಪ್, ಪೂರ್ತಿ ಆಂಗ್ಯುಲರ್‌ಜೆಎಸ್ 1.4 (ವೆಬ್ ಆಪ್ ಬರೆಯೋ ಆಂಗ್ಯುಲರ್ ಫ್ರೇಮ್‌ವರ್ಕ್‌ನ ಹಳೇ ಪೀಳಿಗೆ), ಅರವತ್ತು ಸ್ಕ್ರೀನ್ ಇದೆ. ಹೊಸ ಆಂಗ್ಯುಲರ್‌ಗೆ ತನ್ನಿ ಅಂತಾರೆ ಮ್ಯಾನೇಜರ್, ಆದ್ರೆ ಒಂದಿನಾನೂ ನಿಲ್ಸೋ ಹಾಗಿಲ್ವಂತೆ. ಹಳೇದು ಹೊಸದು ಜೋಡಿಸೋ ಅಪ್‌ಗ್ರೇಡ್‌ಮಾಡ್ಯೂಲ್ ಹಾಕಿ ಎರಡನ್ನೂ ಒಟ್ಟಿಗೆ ಓಡಿಸೋಕೆ ಹೋದೆ, 'ಆಪ್ ಆಲ್‌ರೆಡಿ ಬೂಟ್‌ಸ್ಟ್ರಾಪ್ಡ್' (ಆಪ್ ಆಗ್ಲೇ ಶುರುವಾಗಿದೆ) ಅಂತ ಎರರ್. ಎಲ್ಲಾ ಹೊಸದಾಗೇ ಬರೆಯೋದು ವಾಸಿನಾ?

ಉತ್ತರ: ಅರವತ್ತು ಸ್ಕ್ರೀನ್ ಹೊಸದಾಗಿ ಬರೀತಾ ಕೂತ್ರೆ ಕೆಟ್ರಿ, ನೀವು ಮುಗ್ಸೋ ಹೊತ್ತಿಗೆ ಹಳೇದ್ರಲ್ಲಿ ಇನ್ನೂ ಹತ್ತು ಸೇರಿರುತ್ತೆ. ಹಾಗಂತ ಸುಮ್ನಿರೋಕೂ ಆಗಲ್ಲ, ಆಂಗ್ಯುಲರ್‌ಜೆಎಸ್ ಸಪೋರ್ಟ್ 2021ರ ಡಿಸೆಂಬರ್ 31ಕ್ಕೇ ಮುಗ್ದಿದೆ.

ಎರರ್ ಸಣ್ಣದು. ಎಚ್‌ಟಿಎಮ್‌ಎಲ್‌ನಲ್ಲಿ ಎನ್‌ಜಿ-ಆಪ್ ಅನ್ನೋ ಗುರುತು ಇನ್ನೂ ಇದೆ ಅಲ್ವಾ? ಅದು ಹಳೇದನ್ನ ತಾನೇ ಶುರು ಮಾಡುತ್ತೆ, ಆಮೇಲೆ ನೀವು ಮತ್ತೊಮ್ಮೆ ಶುರು ಮಾಡ್ತೀರ. ಅದನ್ನ ತೆಗೀರಿ, ಹೊಸ ಆಂಗ್ಯುಲರ್ ಮೊದ್ಲು ಏಳಲಿ, ಅದೇ ಹಳೇದನ್ನ ಎಬ್ಬಿಸ್ಲಿ.

ಇನ್ನೊಂದು, 1.4ರಿಂದ ಮೊದ್ಲು 1.8ಕ್ಕೆ ಬನ್ನಿ. 1.5ರಲ್ಲಿ ಬಂದ ಕಾಂಪೊನೆಂಟ್ (ಟೆಂಪ್ಲೇಟ್, ಲಾಜಿಕ್ ಒಟ್ಟಿಗಿರೋ ಬಿಡಿ ತುಂಡು) ರೂಪಕ್ಕೆ ಹಳೇ ಸ್ಕ್ರೀನ್ ತಂದ್ಕೊಂಡ್ರೆ ಆಮೇಲೆ ಅರ್ಧ ಕೆಲ್ಸ ಆದಂಗೆ, ಸ್ಕೋಪ್‌ಗೆ (ಪೇಜಿಗೆ ಡೇಟಾ ಕೊಡೋ ಆಬ್ಜೆಕ್ಟ್) ಎಲ್ಲಾ ತುರುಕಿರೋ ಕಂಟ್ರೋಲರ್ (ಸ್ಕ್ರೀನ್ ನಡೆಸೋ ಕೋಡ್) ಇದ್ರೆ ಅಳೋದೇ. ಲಾಗಿನ್ ಸರ್ವೀಸ್ ಮಾತ್ರ ಎರಡು ಕಡೆ ಎರಡು ಕಾಪಿ ಇಡ್ಬೇಡಿ, ನಾನು ಆ ತಪ್ಪು ಮಾಡಿದ್ದೆ, ಹಳೇ ಸ್ಕ್ರೀನ್‌ನಲ್ಲಿ ಲಾಗಿನ್ ಆಗಿರೋನಿಗೆ ಹೊಸ ಸ್ಕ್ರೀನ್ 'ನೀವ್ಯಾರು' ಅಂತಿತ್ತು. ಹೊಸ ಕಡೆ ಒಂದೇ ಬರೆದು ಡೌನ್‌ಗ್ರೇಡ್‌ಇಂಜೆಕ್ಟಬಲ್ ಅನ್ನೋ ಫಂಕ್ಷನ್ ಮೂಲಕ ಹಳೇದಕ್ಕೂ ಕೊಡಿ.

ಪ್ರಶ್ನೆ ಕೇಳಿದವರು: ಎನ್‌ಜಿ-ಆಪ್ ತೆಗ್ದೆ, ಓಡ್ತು ಸರ್! ಆದ್ರೆ ಹೊಸ ಟೇಬಲ್ ಇರೋ ಪೇಜಲ್ಲಿ ಮೌಸ್ ಆಡಿಸಿದ್ರೇ ಎಲ್ಲಾ ತಡವರಿಸುತ್ತೆ. ಪಕ್ಕದಲ್ಲಿ ಹಳೇ ಸ್ಟಾಕ್ ಲಿಸ್ಟ್ ಇದೆ, 500 ಸಾಲು.

ಉತ್ತರ: ಹೊಸ ಟೇಬಲ್‌ನಲ್ಲಿ ಕಾಲಮ್ ಎಳೆದು ಅಗಲ ಮಾಡೋಕೆ ಮೌಸ್‌ಮೂವ್ ಲಿಸನರ್ (ಮೌಸ್ ಸರಿದಾಗೆಲ್ಲ ಓಡೋ ಕೋಡ್) ಹಾಕಿರ್ತೀರ ನೋಡಿ. ಅಪ್‌ಗ್ರೇಡ್‌ಮಾಡ್ಯೂಲ್‌ನಲ್ಲಿ ಹೊಸ ಕಡೆ ಏನೇ ಈವೆಂಟ್ ಆದ್ರೂ ಹಳೇ ಕಡೆ ಡೈಜೆಸ್ಟ್ (ಡೇಟಾ ಬದಲಾಗಿದ್ಯಾ ಅಂತ ನೋಡೋ ಸುತ್ತು) ಓಡುತ್ತೆ, ಅಂದ್ರೆ ಮೌಸ್ ಒಂಚೂರು ಸರಿದ್ರೂ ಆ 500 ಸಾಲಿನ ಮೇಲೆ ಕಣ್ಣಿಟ್ಟಿರೋ ವಾಚ್ ಎಲ್ಲಾ ಇನ್ನೊಂದ್ಸಲ ಚೆಕ್ ಆಗುತ್ತೆ. ಆ ಲಿಸನರ್‌ನ ರನ್‌ಔಟ್‌ಸೈಡ್‌ಆಂಗ್ಯುಲರ್ (ಆಂಗ್ಯುಲರ್‌ಗೆ ಗೊತ್ತಾಗದ ಹಾಗೆ ಹೊರಗೆ ಓಡಿಸೋದು) ಒಳಗೆ ಹಾಕಿ, ಮೌಸ್ ಬಿಟ್ಟಾಗ ಮಾತ್ರ ವಾಪಸ್ ಆಂಗ್ಯುಲರ್ ಒಳಗೆ ಬನ್ನಿ. ಆಗ್ಲೂ ನಿಧಾನ ಇದ್ರೆ ಅಪ್‌ಗ್ರೇಡ್‌ಮಾಡ್ಯೂಲ್ ಬದಲು ಡೌನ್‌ಗ್ರೇಡ್‌ಮಾಡ್ಯೂಲ್ ನೋಡಿ, ಅದ್ರಲ್ಲಿ ಎರಡರ ಚೆಕಿಂಗೂ ಬೇರೆ ಬೇರೆ. ಆದ್ರೆ ಈಗ್ಲೇ ಅದಕ್ಕೆ ಕೈ ಹಾಕ್ಬೇಡಿ, ಮೊದ್ಲು ಮೌಸ್‌ಮೂವ್ ಸರಿ ಮಾಡಿ ಹೇಳಿ.