ವರ್ಕ್ ಆ್ಯಂಡ್ ಹಾಲಿಡೇ ವೀಸಾದಲ್ಲಿ ಹೋದ ಮಗಳಿಗೆ ಅಲ್ಲಿಂದಲೇ ಕೆಲಸದ ವೀಸಾ ಸಿಗುವುದೇ? ಅನುಭವ ಇದ್ದವರು ತಿಳಿಸಿ

ಸೇಡಂನಿಂದ ಪ್ರಶ್ನೆ

ಎಲ್ಲರಿಗೂ ಶರಣು. ನಾನು ಸೇಡಂ ತಾಲ್ಲೂಕಿನ ನಿವೃತ್ತ ಪ್ರೌಢಶಾಲಾ ಶಿಕ್ಷಕ. ನನ್ನ ಮಗಳು ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಕಲಬುರಗಿಯಲ್ಲಿ ಎರಡು ವರ್ಷ ರಸ್ತೆ ಕಾಮಗಾರಿಯ ಕಂಪನಿಯೊಂದರಲ್ಲಿ ಕೆಲಸ ಮಾಡಿ, ಲಾಟರಿಯಲ್ಲಿ ಹೆಸರು ಬಂದಿದ್ದರಿಂದ ಆಸ್ಟ್ರೇಲಿಯಾದ ವರ್ಕ್ ಆ್ಯಂಡ್ ಹಾಲಿಡೇ ವೀಸಾ, ಅಂದರೆ ಒಂದು ವರ್ಷ ಅಲ್ಲಿದ್ದು ಸುತ್ತಾಡುತ್ತಾ ದುಡಿಯಲೂ ಬಿಡುವ 462 ವೀಸಾದ ಮೇಲೆ ಮೆಲ್ಬರ್ನ್‌ಗೆ ಹೋಗಿ ನಾಲ್ಕು ತಿಂಗಳಾಯಿತು. ಸದ್ಯ ಒಂದು ಕೆಫೆಯಲ್ಲಿ ದುಡಿಯುತ್ತಿದ್ದಾಳೆ. ವೀಸಾ ಮುಗಿಯಲು ಇನ್ನು ಎಂಟು ತಿಂಗಳಿದೆ. ಊರಿಗೆ ಹಿಂದಿರುಗದೆ, ಓದಿಗೆ ತಕ್ಕ ಕೆಲಸದ ವೀಸಾಕ್ಕೆ ಅಲ್ಲಿಂದಲೇ ಬದಲಾಯಿಸಿಕೊಳ್ಳಲು ಬರುತ್ತದೆಯೇ? ಪರಿಚಯದವರ ಕಡೆಯಿಂದ ಬಂದ ಒಬ್ಬರು 9 ಲಕ್ಷ ರೂಪಾಯಿ ಕೊಟ್ಟರೆ ಸ್ಪಾನ್ಸರ್ ಮಾಡುವ, ಅಂದರೆ ಕೆಲಸ ಕೊಟ್ಟು ವೀಸಾಕ್ಕೂ ಹೊಣೆ ನಿಲ್ಲುವ ಕಂಪನಿ ಹುಡುಕಿಕೊಡುತ್ತೇನೆ ಎನ್ನುತ್ತಿದ್ದಾರೆ. ಅಷ್ಟು ಹಣಕ್ಕೆ ಹೊಲದ ಮೇಲೆ ಸಾಲ ಎತ್ತಬೇಕಾಗುತ್ತದೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಕಲಬುರಗಿ, ಈಗ ಬ್ರಿಸ್ಬೇನ್

ಗುರುಗಳೇ, ಶರಣು. ಮೊದಲು ಹಣದ ಮಾತು ಮುಗಿಸುತ್ತೇನೆ. ಆ 9 ಲಕ್ಷ ಕೊಡಬೇಡಿ. ಸ್ಪಾನ್ಸರ್‌ಶಿಪ್‌ಗಾಗಿ ಹಣ ಕೊಡುವುದನ್ನೂ ಪಡೆಯುವುದನ್ನೂ ಆಸ್ಟ್ರೇಲಿಯಾದ ಕಾನೂನು 2015ರಿಂದ ನಿಷೇಧಿಸಿದೆ. ಅದು ಹೊರಬಿದ್ದರೆ ಹಣ ಪಡೆದವನ ಮೇಲಷ್ಟೇ ಅಲ್ಲ, ಕೊಟ್ಟವರ ವೀಸಾದ ಮೇಲೂ ಕುತ್ತು ಬರುತ್ತದೆ. ಸ್ಪಾನ್ಸರ್ ಮಾಡುವ ಕಂಪನಿ ಸರ್ಕಾರಕ್ಕೆ ಕಟ್ಟಬೇಕಾದ ತರಬೇತಿ ನಿಧಿಯ ಹಣವನ್ನು ಕೂಡ, ಸಣ್ಣ ಕಂಪನಿಯಾದರೆ ವರ್ಷಕ್ಕೆ 1,200 ಆಸ್ಟ್ರೇಲಿಯನ್ ಡಾಲರ್, ದೊಡ್ಡದಾದರೆ 1,800 ಡಾಲರ್, ಕೆಲಸಗಾರರ ಮೇಲೆ ಹೊರಿಸುವಂತಿಲ್ಲ. ನಿಮ್ಮ ಮಗಳು ಕೈಯಿಂದ ಹಾಕಬೇಕಾದದ್ದು ವೀಸಾ ಅರ್ಜಿಯ ಶುಲ್ಕ, ಅದು 3,000 ಡಾಲರ್ ಮೀರುತ್ತದೆ, ಜೊತೆಗೆ ಆರೋಗ್ಯ ವಿಮೆ, ವೈದ್ಯಕೀಯ ತಪಾಸಣೆ ಮತ್ತು ಇಂಗ್ಲಿಷ್ ಪರೀಕ್ಷೆಯ ಖರ್ಚು.

ಇನ್ನು ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. ಅಲ್ಲಿದ್ದುಕೊಂಡೇ ಬದಲಾಯಿಸಿಕೊಳ್ಳಲು ಖಂಡಿತ ಬರುತ್ತದೆ. ನಾನು ಹಾಗೆಯೇ ಮಾಡಿದ್ದೇನೆ. 462 ವೀಸಾ ಭಾರತೀಯರಿಗೆ ತೆರೆದದ್ದು 2024ರ ಸೆಪ್ಟೆಂಬರಿನಲ್ಲಿ, ವರ್ಷಕ್ಕೆ 1,000 ಜನರಿಗೆ. ಆ ಮೊದಲ ಲಾಟರಿಯಲ್ಲೇ ನನ್ನ ಹೆಸರು ಬಂದಿತ್ತು. ಈಗ ನನ್ನ ಬಳಿ ಇರುವುದು 482, ಅಂದರೆ 2024ರ ಡಿಸೆಂಬರ್ 7ರಿಂದ ‘ಸ್ಕಿಲ್ಸ್ ಇನ್ ಡಿಮ್ಯಾಂಡ್’ ಎಂಬ ಹೆಸರಿನಲ್ಲಿ ನಡೆಯುತ್ತಿರುವ, ಕಂಪನಿ ಸ್ಪಾನ್ಸರ್ ಮಾಡುವ ಕೆಲಸದ ವೀಸಾ. ಇದಕ್ಕೆ ಮೂರು ಅರ್ಜಿಗಳಿವೆ: ಕಂಪನಿ ತಾನು ಸ್ಪಾನ್ಸರ್ ಆಗಲು ಅನುಮತಿ ಕೇಳುವುದು, ಆ ಹುದ್ದೆಗೆ ನಿಮ್ಮ ಮಗಳನ್ನು ಹೆಸರಿಸುವುದು, ಆಮೇಲೆ ಮಗಳು ವೀಸಾ ಕೇಳುವುದು. ಮೊದಲೆರಡು ಕಂಪನಿಯ ಕೆಲಸ. ಹುದ್ದೆಯು ಸರ್ಕಾರದ ಪಟ್ಟಿಯಲ್ಲಿರಬೇಕು. ಸಿವಿಲ್ ಎಂಜಿನಿಯರ್ ಆ ಪಟ್ಟಿಯಲ್ಲಿದೆ, ಕೆಫೆಯಲ್ಲಿ ಕಾಫಿ ಮಾಡುವ ಕೆಲಸ ಇಲ್ಲ. ಸಂಬಳವು 2025ರ ಜುಲೈ 1ರಿಂದ ವರ್ಷಕ್ಕೆ 76,515 ಡಾಲರ್‌ಗಿಂತ ಕಡಿಮೆ ಇರುವಂತಿಲ್ಲ, ಮತ್ತು ಅದೇ ಕೆಲಸಕ್ಕೆ ಅಲ್ಲಿನವರಿಗೆ ಕೊಡುವಷ್ಟೇ ಇರಬೇಕು. ಈ ಮಿತಿ ಜುಲೈ ಬಂದಾಗಲೆಲ್ಲ ಏರುತ್ತದೆ. ಹಿಂದಿನ ಐದು ವರ್ಷಗಳಲ್ಲಿ ಅದೇ ವೃತ್ತಿಯಲ್ಲಿ ಒಂದು ವರ್ಷದ ಪೂರ್ಣಾವಧಿ ಅನುಭವ ಇರಬೇಕು. ನಿಮ್ಮ ಮಗಳಿಗೆ ಎರಡು ವರ್ಷವಿದೆ. ಅವಳ ದೊಡ್ಡ ಆಸ್ತಿ ಅದೇ.

ನಾನು ಎಡವಿದ್ದು ತಿಂಗಳ ಲೆಕ್ಕದಲ್ಲಿ. 462 ವೀಸಾದ ಷರತ್ತಿನ ಪ್ರಕಾರ ಒಬ್ಬ ಮಾಲೀಕನ ಬಳಿ ಆರು ತಿಂಗಳಿಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ನಾನು ಮೊದಲ ಐದು ತಿಂಗಳನ್ನು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವುದರಲ್ಲಿ ಕಳೆದೆ. ಕೈಗೆ ನಾಲ್ಕು ಕಾಸು ಬರಲಿ, ಎಂಜಿನಿಯರ್ ಕೆಲಸ ಆಮೇಲೆ ಹುಡುಕಿದರಾಯಿತು ಎಂದುಕೊಂಡಿದ್ದೆ. ಎಂಜಿನಿಯರಿಂಗ್ ಕಂಪನಿ ಸಿಕ್ಕಾಗ ವೀಸಾದಲ್ಲಿ ಉಳಿದಿದ್ದದ್ದು ಆರೂವರೆ ತಿಂಗಳು. ಯಾವ ಕಂಪನಿಯೂ ಮೊದಲ ದಿನವೇ ಸ್ಪಾನ್ಸರ್ ಮಾಡುವುದಿಲ್ಲ. ಎರಡು ಮೂರು ತಿಂಗಳು ಕೆಲಸ ನೋಡುತ್ತದೆ, ಆಮೇಲೆ ಕನಿಷ್ಠ ನಾಲ್ಕು ವಾರ ಆ ಹುದ್ದೆಗೆ ಜಾಹೀರಾತು ಕೊಟ್ಟು ಸ್ಥಳೀಯರು ಸಿಗಲಿಲ್ಲವೆಂದು ತೋರಿಸಬೇಕಾಗುತ್ತದೆ. ಹೀಗೆ ಹಿಂದಿನಿಂದ ಎಣಿಸುತ್ತಾ ಬಂದರೆ, ನಿಮ್ಮ ಮಗಳು ಕೆಫೆಯ ಕೆಲಸದ ಜೊತೆಗೇ ಈ ವಾರದಿಂದಲೇ ಎಂಜಿನಿಯರಿಂಗ್ ಕಂಪನಿಗಳಿಗೆ ಅರ್ಜಿ ಹಾಕತೊಡಗಬೇಕು. ಸಂದರ್ಶನದಲ್ಲಿ ವೀಸಾದ ವಿಷಯ ಮುಚ್ಚಿಡದೆ, ಆರು ತಿಂಗಳ ಮಿತಿಯನ್ನೂ ಹೇಳಲಿ. ಮುಚ್ಚಿಟ್ಟ ಎರಡು ಕಡೆ ನನಗೆ ಕೊನೆಗೆ ಆಗಿದ್ದು ಮುಖಭಂಗವೇ.

482 ಅರ್ಜಿ ಹಾಕಿ, ತೀರ್ಮಾನ ಬರುವ ಮೊದಲೇ ಆರು ತಿಂಗಳು ತುಂಬಿದರೆ, ಅದೇ ಕಂಪನಿಯಲ್ಲಿ ಮುಂದುವರಿಯಲು ಇಲಾಖೆಯ ಅನುಮತಿ ಕೇಳಬಹುದು. ನಾನು ಕೇಳಿ ಪಡೆದೆ. ಗಡುವು ಮುಗಿದ ಮೇಲೆ ಕೇಳುವುದಲ್ಲ, ಮೊದಲೇ ಕೇಳಬೇಕು. ಎ.ಬಿ.ಎನ್., ಅಂದರೆ ಸ್ವಂತ ವ್ಯವಹಾರ ಮಾಡುವವರ ನೋಂದಣಿ ಸಂಖ್ಯೆ ಮಾಡಿಸಿಕೊಂಡು ಗುತ್ತಿಗೆದಾರಳಂತೆ ಅದೇ ಕಂಪನಿಯಲ್ಲಿ ಇದ್ದರೆ ಲೆಕ್ಕಕ್ಕೆ ಬರುವುದಿಲ್ಲ ಎಂದು ಕೆಲವರು ಹೇಳಿಕೊಡುತ್ತಾರೆ. ಅದು ತಪ್ಪು, ಆಗಲೂ ಲೆಕ್ಕ ಅದೇ.

ಊರಿನಲ್ಲಿ ಕೂತು ನೀವೇ ಮಾಡಬಹುದಾದ ಕೆಲಸವೊಂದಿದೆ, ಅದು ಅನುಭವ ಪತ್ರ. ನಾನು ಕಲಬುರಗಿ ಬಿಡುವಾಗ ಹಳೆಯ ಕಂಪನಿ ಕೊಟ್ಟಿದ್ದು ಮೂರು ಸಾಲಿನ ಪತ್ರ: ಇಂಥವರು ಇಂಥ ದಿನದಿಂದ ಇಂಥ ದಿನದವರೆಗೆ ನಮ್ಮಲ್ಲಿದ್ದರು, ನಡತೆ ಉತ್ತಮ, ಶುಭವಾಗಲಿ. ಅದನ್ನು ನೋಡಿದ, ನನ್ನ ಅರ್ಜಿ ಮಾಡುತ್ತಿದ್ದ ವಲಸೆ ಏಜೆಂಟರು, ಇದರಲ್ಲಿ ನೀವು ಏನು ಕೆಲಸ ಮಾಡಿದಿರಿ ಎಂದೇ ಇಲ್ಲವಲ್ಲ ಎಂದರು. ಆಗ ನಮ್ಮ ಕಾಕಾ ಎರಡು ಸಂಜೆ ಆ ಕಚೇರಿಯ ಮುಂದೆ ಕಾದು ಹೊಸ ಪತ್ರ ಮಾಡಿಸಿದರು. ಅದರಲ್ಲಿ ಹುದ್ದೆ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಸಹಿ ಮಾಡಿದವರ ಫೋನ್ ನಂಬರ್ ಇತ್ತು. ಅದಕ್ಕಿಂತ ಮುಖ್ಯವಾಗಿ ಆಟೊ ಲೆವೆಲ್ ಹಿಡಿದು ಲೆವೆಲ್ ತೆಗೆದದ್ದು, ಕಬ್ಬಿಣದ ಲೆಕ್ಕ ಹಾಕಿದ್ದು, ಕಾಮಗಾರಿಯ ಅಳತೆಯ ಎಂ.ಬಿ. ಪುಸ್ತಕ ಬರೆದದ್ದು, ಗುತ್ತಿಗೆದಾರರ ಬಿಲ್ ಪರಿಶೀಲಿಸಿದ್ದು, ಹೀಗೆ ಒಂದೊಂದೂ ಸಾಲು ಸಾಲಾಗಿ ಇತ್ತು. ಅದರ ಜೊತೆಗೆ ಪಿ.ಎಫ್. ಪಾಸ್‌ಬುಕ್, ಫಾರ್ಮ್ 16, ಸಂಬಳ ಜಮೆಯಾದ ಬ್ಯಾಂಕ್ ಹಾಳೆ ಇಟ್ಟೆವು. ನಮ್ಮ ಕಡೆ ಎಷ್ಟೋ ಜನರಿಗೆ ಸಂಬಳ ನಗದಾಗಿ ಬರುತ್ತದೆ. ನಿಮ್ಮ ಮಗಳಿಗೂ ಹಾಗೇ ಬಂದಿದ್ದರೆ ಆ ಪತ್ರದ ಮೇಲೆ ಇನ್ನಷ್ಟು ಭಾರ ಬೀಳುತ್ತದೆ, ಆದ್ದರಿಂದ ಮುತುವರ್ಜಿಯಿಂದ ಮಾಡಿಸಿ.

ಇನ್ನೊಂದು ಸಣ್ಣ ಸಂಗತಿ. ನನ್ನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಗುಲ್ಬರ್ಗಾ, ಅನುಭವ ಪತ್ರದಲ್ಲಿ ಕಲಬುರಗಿ. 2014ರ ನವೆಂಬರ್ 1ರಂದು ಊರಿನ ಹೆಸರು ಬದಲಾಯಿತು, ಎರಡೂ ಒಂದೇ ಊರು ಎಂದು ಒಂದು ವಾಕ್ಯ ಬರೆದು ಸೇರಿಸಿದೆ. ಯಾರೂ ಪ್ರಶ್ನೆ ಮಾಡಲಿಲ್ಲ. ಹೆಸರು, ತಂದೆಯ ಹೆಸರು, ಮನೆತನದ ಹೆಸರು ಅಂಕಪಟ್ಟಿಯಲ್ಲೊಂದು ಕ್ರಮ, ಪಾಸ್‌ಪೋರ್ಟಿನಲ್ಲೊಂದು ಕ್ರಮ ಇದ್ದರೆ ಅದಕ್ಕೂ ಹೀಗೆಯೇ ವಿವರಣೆ ಸೇರಿಸಿ.

ಭಾಲ್ಕಿ, ಈಗ ಬ್ರಿಟನ್

ನನ್ನದು ಆಸ್ಟ್ರೇಲಿಯಾ ಅಲ್ಲ, ಆದರೂ ಬ್ರಿಟನ್ನಿನ ಯೋಚನೆ ಇರುವ ಮನೆಗಳವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ. ನಾನು ಬಂದದ್ದು ಭಾರತೀಯರಿಗಾಗಿ 2023ರಲ್ಲಿ ಆರಂಭವಾದ ಯಂಗ್ ಪ್ರೊಫೆಷನಲ್ಸ್ ಯೋಜನೆಯಲ್ಲಿ. ಅದು 24 ತಿಂಗಳದ್ದು, ವಿಸ್ತರಣೆ ಇಲ್ಲ, ಆದರೆ ಒಳಗಿದ್ದುಕೊಂಡೇ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬದಲಾಗಬಹುದು. 2025ರ ಜುಲೈ 22ರಿಂದ ಅದರ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್ ಆಗಿದೆ. 26 ತುಂಬದವರಿಗೆ ಅದು 33,400ಕ್ಕೆ ಇಳಿಯುತ್ತದೆ, ನಾನು ದಡ ಸೇರಿದ್ದು ಆ ರಿಯಾಯಿತಿಯಿಂದ. ಹುಟ್ಟುಹಬ್ಬಕ್ಕೆ ಐದು ವಾರ ಇರುವಾಗ ಅರ್ಜಿ ಹಾಕಿದೆ. ಸ್ಪಾನ್ಸರ್ ಪರವಾನಗಿ ಇರುವ ಕಂಪನಿಗಳ ಪಟ್ಟಿಯನ್ನು ಅಲ್ಲಿನ ಸರ್ಕಾರವೇ ಪ್ರಕಟಿಸುತ್ತದೆ, ಆದ್ದರಿಂದ ಅರ್ಜಿ ಹಾಕುವ ಮೊದಲೇ ಕಂಪನಿಯ ಹೆಸರು ಅದರಲ್ಲಿದೆಯೇ ಎಂದು ನೋಡಿಕೊಳ್ಳಬಹುದು. ಮೊದಲ ಎರಡು ವರ್ಷಗಳ ವಾಸವು ಮುಂದೆ ಕಾಯಂ ನೆಲೆಸುವಿಕೆಯ ಲೆಕ್ಕಕ್ಕೆ ಸೇರುವುದಿಲ್ಲ. ಇದನ್ನು ತಿಳಿದೇ ಬರಬೇಕು.

ಬೀದರ್, ಈಗ ಕ್ವೀನ್ಸ್‌ಲ್ಯಾಂಡ್

ಸರ್, ನಾನು ವಾಹನ ರಿಪೇರಿಯ ಮೆಕ್ಯಾನಿಕ್. ಬ್ರಿಸ್ಬೇನಿನ ಅಣ್ಣನವರು ಹೇಳಿದ್ದೆಲ್ಲ ಸರಿ. ಅವರು ಮುಟ್ಟದ ಒಂದು ವಿಷಯವನ್ನು ನಾನು ಹೇಳಲೇಬೇಕು, ಏಕೆಂದರೆ ಅದರಿಂದ ನನಗೆ ನಾಲ್ಕು ತಿಂಗಳು ಹೋಯಿತು.

ಒಳಗಿದ್ದು 482 ಅರ್ಜಿ ಹಾಕಿದಾಗ ಬ್ರಿಡ್ಜಿಂಗ್ ವೀಸಾ ಎ ಎಂಬುದು ಸಿಗುತ್ತದೆ. ಹಳೆಯ ವೀಸಾ ಮುಗಿದು ಹೊಸದರ ತೀರ್ಮಾನ ಬರುವವರೆಗೆ ಕಾನೂನುಬದ್ಧವಾಗಿ ಅಲ್ಲಿರಲು ಅದು ಸೇತುವೆ. ಆದರೆ ಅದರ ಮೇಲೆ ದೇಶ ಬಿಟ್ಟು ಹೋಗಿ ತಿರುಗಿ ಬರಲು ಆಗುವುದಿಲ್ಲ. ಅದಕ್ಕೆ ಬ್ರಿಡ್ಜಿಂಗ್ ವೀಸಾ ಬಿ ಎಂದು ಬೇರೆಯದೇ ಇದೆ, ಹೊರಡುವ ಮುನ್ನ ಕೇಳಿ ಪಡೆಯಬೇಕು. ನನಗೆ ಇದು ಗೊತ್ತಿರಲಿಲ್ಲ. ಅರ್ಜಿ ಹಾಕಿ ಎರಡು ತಿಂಗಳಾಗಿತ್ತು, 462 ಮುಗಿದಿತ್ತು. ರಾತ್ರಿ ತಮ್ಮ ಫೋನ್ ಮಾಡಿ, ‘ಅಪ್ಪಗ ಎದಿ ನೋವು ಅಂತ ಹೈದರಾಬಾದಿಗೆ ಕರ್ಕೊಂಡು ಹೊಂಟೀವಿ’ ಎಂದ. ಬೆಳಿಗ್ಗೆ ಸಿಕ್ಕ ವಿಮಾನ ಹತ್ತಿದೆ. ಅಪ್ಪ ಉಳಿದರು, ಅದಕ್ಕೆ ದೇವರಿಗೆ ಶರಣು. ಆದರೆ ಹೊರಟ ಕ್ಷಣವೇ ಆ ಬ್ರಿಡ್ಜಿಂಗ್ ವೀಸಾ ಮುಗಿದುಹೋಗಿತ್ತು, ತಿರುಗಿ ಬರಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. 482 ಅರ್ಜಿ ಮಾತ್ರ ಜೀವಂತವಿತ್ತು. ಅದು ಹೊರಗಿದ್ದವರಿಗೂ ಮಂಜೂರಾಗುತ್ತದೆ. ಮಾಲೀಕರು ಕಾಯಲು ಒಪ್ಪಿದ್ದರಿಂದ ಬೀದರಿನ ಮನೆಯಲ್ಲಿ ಸಂಬಳವಿಲ್ಲದೆ ಕುಳಿತು, ಮಂಜೂರಾದ ಮೇಲೆ ಹೋದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಅರ್ಜಿ ಹಾಕಿದ ತಕ್ಷಣ ಈ ಬಿ ವೀಸಾದ ಬಗ್ಗೆ ವಿಚಾರಿಸಿಟ್ಟುಕೊಳ್ಳಲಿ.

ನನ್ನಂಥ ಕೈಕಸುಬಿನವರಿಗೆ ಇನ್ನೊಂದು ಮಾತು. ಕೆಲವು ವೃತ್ತಿಗಳಿಗೆ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ ಎಂಬ ಸಂಸ್ಥೆಯಿಂದ ಕೌಶಲದ ಮೌಲ್ಯಮಾಪನ ಬೇಕಾಗುತ್ತದೆ, ಅದಕ್ಕೂ ಸಮಯ ಹಿಡಿಯುತ್ತದೆ.

ಶಹಾಪುರ, ಯಾದಗಿರಿ ಜಿಲ್ಲೆ

ನನಗೆ ವೀಸಾ ಬದಲಾಯಿಸಲು ಆಗಲಿಲ್ಲ, ಹೋದ ತಿಂಗಳು ಊರಿಗೆ ಬಂದೆ. ಆಗದವರ ಅನುಭವವೂ ಒಂದಿರಲಿ ಎಂದು ಬರೆಯುತ್ತಿದ್ದೇನೆ.

ಸ್ಪಾನ್ಸರ್ ಸಿಗದವರಿಗೆ ಒಂದು ಮರುದಾರಿ ಇದೆ. ಮೊದಲ ವರ್ಷದಲ್ಲಿ ಸರ್ಕಾರ ಹೆಸರಿಸಿದ ಪ್ರದೇಶಗಳಲ್ಲಿ, ಹೆಸರಿಸಿದ ಬಗೆಯ ಕೆಲಸವನ್ನು ಮೂರು ತಿಂಗಳು ಮಾಡಿದರೆ ಎರಡನೆಯ ವರ್ಷದ 462 ಸಿಗುತ್ತದೆ. ಅದಕ್ಕೆ ಮತ್ತೆ ಲಾಟರಿ ಇಲ್ಲ. ನಾನು ದ್ರಾಕ್ಷಿ, ಸ್ಟ್ರಾಬೆರಿ ತೋಟಗಳಲ್ಲಿ ಮೂರು ತಿಂಗಳಿಗಿಂತ ಹೆಚ್ಚೇ ದುಡಿದೆ. ಆದರೆ ನಮ್ಮನ್ನು ತೋಟಕ್ಕೆ ಕರೆದೊಯ್ಯುತ್ತಿದ್ದ ಗುತ್ತಿಗೆದಾರ ಶನಿವಾರ ಸಂಜೆ ವ್ಯಾನಿನ ಬಾಗಿಲಲ್ಲಿ ನಿಂತು ಲಕೋಟೆಯಲ್ಲಿ ನೋಟು ಕೊಡುತ್ತಿದ್ದ, ಚೀಟಿ ಇರುತ್ತಿರಲಿಲ್ಲ. ಕೇಳಿದರೆ ಮುಂದಿನ ವಾರ ಎನ್ನುತ್ತಿದ್ದ. ಅರ್ಜಿಯ ಹೊತ್ತಿಗೆ ನನ್ನ ಬಳಿ ಒಂದೇ ಒಂದು ಪೇ ಸ್ಲಿಪ್ ಇರಲಿಲ್ಲ, ಬ್ಯಾಂಕಿನಲ್ಲಿ ಜಮೆಯೂ ಇರಲಿಲ್ಲ. ದುಡಿದ ದಿನಗಳು ದುಡಿಯದ ದಿನಗಳಂತೆ ಆದವು. ಸಂಬಳ ಕೊಟ್ಟ ಒಂದು ಕೆಲಸದ ದಿನದೊಳಗೆ ಪೇ ಸ್ಲಿಪ್ ಕೊಡಬೇಕೆಂಬುದು ಅಲ್ಲಿನ ಕಾನೂನು, ಕೊಡದಿದ್ದರೆ ಫೇರ್ ವರ್ಕ್ ಒಂಬುಡ್ಸ್‌ಮನ್ ಕಚೇರಿಗೆ ದೂರಬಹುದು ಎಂದು ನನಗೆ ತಿಳಿದದ್ದು ಆಮೇಲೆ.

ಸರ್, ನಿಮ್ಮ ಮಗಳಿಗೆ ಹೇಳಿ: ಆ ಪ್ರದೇಶಗಳಲ್ಲಿ ಕಟ್ಟಡ ನಿರ್ಮಾಣದ ಕೆಲಸವೂ ಈ ಮೂರು ತಿಂಗಳಿಗೆ ಲೆಕ್ಕವಾಗುತ್ತದೆ. ಸಿವಿಲ್ ಓದಿದವರು ತೋಟಕ್ಕಿಂತ ಮೊದಲು ಅದನ್ನೇ ಹುಡುಕಬೇಕು.

ಸೇಡಂನಿಂದ

ಎಲ್ಲರ ಉತ್ತರಗಳನ್ನೂ ಮಗಳಿಗೆ ಓದಿ ಹೇಳಿದೆ. ಹಣ ಕೇಳಿದವರಿಗೆ ಆಗುವುದಿಲ್ಲ ಎಂದು ತಿಳಿಸಿದೆ. ಅದಕ್ಕೆ ಅವರು ಇದು ಸ್ಪಾನ್ಸರ್‌ಶಿಪ್ಪಿನ ಹಣವಲ್ಲ, ಸಲಹಾ ಶುಲ್ಕ, ತಾವು ನೋಂದಾಯಿತ ಏಜೆಂಟರು ಎನ್ನುತ್ತಿದ್ದಾರೆ. ಅದನ್ನು ಪರಿಶೀಲಿಸುವುದು ಹೇಗೆ?

ಕಲಬುರಗಿ, ಈಗ ಬ್ರಿಸ್ಬೇನ್

ಗುರುಗಳೇ, ಆಸ್ಟ್ರೇಲಿಯಾದಲ್ಲಿ ವಲಸೆ ಸಲಹೆಗೆ ಶುಲ್ಕ ಪಡೆಯುವವರು ನೋಂದಾಯಿತ ಏಜೆಂಟರೋ ವಕೀಲರೋ ಆಗಿರಬೇಕು. ಏಜೆಂಟರಿಗೆ ಏಳು ಅಂಕಿಯ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಕೇಳಿ, ಏಜೆಂಟರನ್ನು ನೋಂದಾಯಿಸುವ ಮಾರಾ ಪ್ರಾಧಿಕಾರದ ಪಟ್ಟಿಯಲ್ಲಿ ಮಗಳೇ ಹುಡುಕಲಿ. ಭಾರತದೊಳಗಿನಿಂದ ಜನರನ್ನು ವಿದೇಶದ ಕೆಲಸಕ್ಕೆ ಕಳಿಸುವವರಾದರೆ ನಮ್ಮ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ಹೆಸರಿರಬೇಕು, ಮತ್ತು ಅಂಥವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. 9 ಲಕ್ಷ ಎಲ್ಲಿ, 30,000 ಎಲ್ಲಿ? ನಾನು ಎಲ್ಲಾ ಅರ್ಜಿಗಳನ್ನು ನೋಂದಾಯಿತ ಏಜೆಂಟರ ಕೈಯಲ್ಲೇ ಮಾಡಿಸಿದೆ. ಅವರು ಮೊದಲ ದಿನವೇ ಶುಲ್ಕವನ್ನು ಲಿಖಿತ ಒಪ್ಪಂದದಲ್ಲಿ ಬರೆದುಕೊಟ್ಟರು, ಕೆಲಸ ಕೊಡಿಸುತ್ತೇನೆ ಎಂದು ಒಮ್ಮೆಯೂ ಹೇಳಲಿಲ್ಲ.

ಮಗಳ ಹಳೆಯ ಕಂಪನಿ ಕಲಬುರಗಿಯಲ್ಲಿ ಎಲ್ಲಿದೆ ಎಂದು ತಿಳಿಸಿ. ನಮ್ಮ ಕಾಕಾ ನಿಮ್ಮ ಜೊತೆಗೆ ಬರುತ್ತಾರೆ, ನನ್ನ ಅನುಭವ ಪತ್ರದ ನಕಲನ್ನೂ ತರುತ್ತಾರೆ. ಅದನ್ನು ಮುಂದಿಟ್ಟುಕೊಂಡು ನಿಮ್ಮ ಮಗಳದನ್ನು ಬರೆಸಿಕೊಳ್ಳಬಹುದು.