ಪ್ರಶ್ನೋತ್ತರ: ಬಿಡದ ಒತ್ತಡ, ಪದೇ ಪದೇ ನೆಗಡಿ, ಜೊತೆಗೆ ಮರೆವು

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ಮರೆವಿನ ಕಾಯಿಲೆಯಿರುವ ತಾಯಿಯವರನ್ನು ಕೆಲವು ವರ್ಷಗಳಿಂದ ಒಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ಈಚೆಗೆ ನನಗೆ ಪದೇ ಪದೇ ನೆಗಡಿಯಾಗುತ್ತಿದೆ, ತುಟಿಯಂಚಿನಲ್ಲಿ ನೀರುಗುಳ್ಳೆ ಏಳುತ್ತದೆ, ಕೈ ಕೊಯ್ದುಕೊಂಡರೆ ಗಾಯ ಬೇಗ ಮಾಯುವುದಿಲ್ಲ. ಹೇಳಬೇಕೆಂದಿದ್ದ ಮಾತು ಮರೆತುಹೋಗುತ್ತದೆ, ಸಣ್ಣ ವಿಷಯಕ್ಕೂ ಸಿಡುಕುತ್ತೇನೆ. ಇದಕ್ಕೆಲ್ಲ ಒತ್ತಡವೇ ಕಾರಣವೇ? ರೋಗನಿರೋಧಕ ಶಕ್ತಿ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳಬಹುದೇ?

ಉತ್ತರ: ನಮಸ್ಕಾರ. ಒತ್ತಡದ ಪಾಲು ಖಂಡಿತ ಇರಬಹುದು. ಆದರೆ ಒತ್ತಡವೆಂದರೆ ರೋಗನಿರೋಧಕ ಶಕ್ತಿ ಕುಗ್ಗುವುದು ಎಂಬ ತಿಳಿವಳಿಕೆ ಅರ್ಧ ಮಾತ್ರ ಸರಿ. ಥಟ್ಟನೆ ಬಂದು ಬೇಗ ಮುಗಿಯುವ ಒತ್ತಡದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಬಿಳಿ ರಕ್ತಕಣಗಳನ್ನು ಸಜ್ಜುಗೊಳಿಸುವುದರಿಂದ ರಕ್ಷಣೆ ಸ್ವಲ್ಪ ಹೊತ್ತು ಚುರುಕಾಗುತ್ತದೆ. ತೊಂದರೆಯಾಗುವುದು ಒತ್ತಡ ತಿಂಗಳುಗಟ್ಟಲೆ ಉಳಿದಾಗ. ಆಗ ಮಿದುಳಿನ ಹೈಪೊಥಾಲಮಸ್ ಪಿಟ್ಯುಟರಿ ಗ್ರಂಥಿಯನ್ನೂ, ಅದು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನೂ ಮತ್ತೆ ಮತ್ತೆ ಪ್ರಚೋದಿಸುತ್ತವೆ. ಹೊರಬರುವ ಕಾರ್ಟಿಸಾಲ್ ಉರಿಯೂತವನ್ನು ಹದ್ದುಬಸ್ತಿನಲ್ಲಿಡಬೇಕಾದ ಹಾರ್ಮೋನಾದರೂ, ರಕ್ಷಣಾ ಕಣಗಳು ಬರಬರುತ್ತಾ ಅದಕ್ಕೆ ಸ್ಪಂದಿಸುವುದನ್ನು ಕಡಿಮೆ ಮಾಡುತ್ತವೆ. ಹೀಗಾಗಿ ಒಂದೆಡೆ ವೈರಸ್ ವಿರುದ್ಧದ ಹೋರಾಟ ಸೊರಗಿ, ನರಕೋಶಗಳಲ್ಲಿ ಅಡಗಿದ್ದ ಹರ್ಪಿಸ್ ವೈರಸ್ ತುಟಿಯ ಗುಳ್ಳೆಯಾಗಿ ಏಳುತ್ತದೆ. ಇನ್ನೊಂದೆಡೆ ಬೇಡದ ಉರಿಯೂತ ನಿಲ್ಲುವುದಿಲ್ಲ. ಹತೋಟಿ ತಪ್ಪಿದ ವ್ಯವಸ್ಥೆಯನ್ನು ‘ಹೆಚ್ಚಿಸುವ’ ಮಾತ್ರೆಗಳನ್ನು ನಾನು ಬರೆದುಕೊಡುವುದಿಲ್ಲ.

1991ರಲ್ಲಿ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 394 ಆರೋಗ್ಯವಂತರ ಮೂಗಿಗೆ ಶೀತದ ವೈರಸ್ ಹನಿಸಿ ನೋಡಿದಾಗ, ಒತ್ತಡ ಹೆಚ್ಚಿದ್ದಷ್ಟೂ ಸೋಂಕು ತಗಲುವ ಸಾಧ್ಯತೆಯೂ ಹೆಚ್ಚಿತ್ತು. ನಿಮ್ಮ ಗಾಯದ ಪ್ರಶ್ನೆಗೆ ಇನ್ನೂ ಹತ್ತಿರದ ಉತ್ತರ 1995ರದು: ಜಾನಿಸ್ ಕೀಕೋಲ್ಟ್-ಗ್ಲೇಸರ್ ತಂಡವು ನಿಮ್ಮಂತೆಯೇ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ಚರ್ಮದಲ್ಲಿ 3.5 ಮಿ.ಮೀ. ಗಾಯ ಮಾಡಿದಾಗ, ಅದು ಮಾಯಲು ಅದೇ ವಯಸ್ಸಿನ ಇತರರಿಗಿಂತ ಸರಾಸರಿ 9 ದಿನ ಹೆಚ್ಚು ಹಿಡಿಯಿತು.

ಇನ್ನು ಮರೆವು ಮತ್ತು ಸಿಡುಕು. ದೀರ್ಘ ಒತ್ತಡಕ್ಕೊಳಗಾದ ಪ್ರಾಣಿಗಳಲ್ಲಿ ನೆನಪಿಗೆ ಬೇಕಾದ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಮೊಟಕಾಗುತ್ತವೆ, ಭಯವನ್ನು ನಿಭಾಯಿಸುವ ಅಮಿಗ್ಡಲಾದಲ್ಲಿ ಕವಲುಗಳು ಬೆಳೆಯುತ್ತವೆ. ಯೋಚಿಸಿ ನಿರ್ಧರಿಸುವ ಮಿದುಳಿನ ಮುಂಭಾಗದ ಹಿಡಿತ ಸಡಿಲವಾದಾಗ ಮನುಷ್ಯ ಅಭ್ಯಾಸಬಲದಿಂದ ವರ್ತಿಸುತ್ತಾನೆ, ಬೇಗ ರೇಗುತ್ತಾನೆ. ನಿಮ್ಮ ತಾಯಿಯವರ ಕಾಯಿಲೆಯೇ ನಿಮಗೂ ಬರುತ್ತಿದೆಯೇ ಎಂಬ ಅಳುಕು ನಿಮ್ಮಲ್ಲಿರಬಹುದು. ಒತ್ತಡದ ಮರೆವು ಬಹುಮಟ್ಟಿಗೆ ಹಿಮ್ಮರಳುವಂಥದ್ದು. 2009ರ ಅಧ್ಯಯನವೊಂದರಲ್ಲಿ ಪರೀಕ್ಷೆಯ ಒತ್ತಡದಿಂದ ಗಮನದ ಶಕ್ತಿ ಕುಂದಿದ್ದ ವೈದ್ಯಕೀಯ ವಿದ್ಯಾರ್ಥಿಗಳು, ಒತ್ತಡ ಇಳಿದ ಒಂದು ತಿಂಗಳಲ್ಲಿ ಚೇತರಿಸಿಕೊಂಡರು.

ಆದರೂ ಎಲ್ಲವನ್ನೂ ಒತ್ತಡದ ತಲೆಗೆ ಕಟ್ಟುವುದು ಬೇಡ. ಗಾಯ ಮಾಯದಿರಲು ಮಧುಮೇಹವೂ, ಮರೆವಿಗೆ ಥೈರಾಯ್ಡ್ ಅಥವಾ ಬಿ12 ಕೊರತೆಯೂ ಕಾರಣವಾಗಬಹುದು. ಮೊದಲು ಈ ರಕ್ತಪರೀಕ್ಷೆಗಳಾಗಲಿ. ವಾರದಲ್ಲಿ ಕೆಲವು ರಾತ್ರಿಗಳನ್ನಾದರೂ ತಾಯಿಯವರ ಬಳಿ ಬೇರೊಬ್ಬರು ಕಳೆಯುವಂತೆ ಮನೆಯವರಿಗೆ ಹೇಳಿ. ಮುರಿದ ನಿದ್ದೆಯೊಂದೇ ನೀವು ಹೇಳಿದ ಅರ್ಧ ಲಕ್ಷಣಗಳನ್ನು ತರಬಲ್ಲದು.

ಮರುಪ್ರಶ್ನೆ: ಧನ್ಯವಾದಗಳು ಡಾಕ್ಟರೇ. ಕಾರ್ಟಿಸಾಲ್ ಪರೀಕ್ಷೆಯನ್ನೂ ಮಾಡಿಸಲೇ?

ಉತ್ತರ: ಬೇಡ. ಕಾರ್ಟಿಸಾಲ್ ಬೆಳಗ್ಗೆ ಏರಿ ನಡುರಾತ್ರಿಯ ಹೊತ್ತಿಗೆ ಇಳಿಯುವುದರಿಂದ ಒಂದು ಸಲದ ಅಳತೆಯಿಂದ ಒತ್ತಡ ಎಷ್ಟೆಂದು ತಿಳಿಯದು. ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಅಥವಾ ತೀರಾ ಕಡಿಮೆಯಾಗುವ ಅಡಿಸನ್ ಕಾಯಿಲೆಯ ಅನುಮಾನವಿದ್ದರೆ ಮಾತ್ರ ನಾವು ಅದನ್ನು ಬರೆದುಕೊಡುತ್ತೇವೆ. ನಿಮ್ಮ ವಿವರಣೆಯಲ್ಲಿ ಅಂಥ ಸುಳಿವು ಕಾಣಲಿಲ್ಲ.